ಒತ್ತಡದ ದಿನಗಳಿಗೆ ಪುರಾಣದ ನಾಲ್ಕು ಪಾಠಗಳು
(ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಿಂದ ಬರುವ ಭಕ್ತಾದಿಗಳಿಗಾಗಿ)

ಬೆಟ್ಟದ ಮೆಟ್ಟಿಲು ಹತ್ತುವ ಭಕ್ತರ ಕೈಯಲ್ಲಿ ಕಾಯಿ, ಕರ್ಪೂರ, ಊದಿನಕಡ್ಡಿ ಇರುತ್ತವೆ. ತಲೆಯಲ್ಲಿ ಮಾತ್ರ ಬೇರೆ ಲೆಕ್ಕ ಓಡುತ್ತಿರುತ್ತದೆ. ಬ್ಯಾಂಕಿನ ಕಂತು ಕಟ್ಟೋದು ಹ್ಯಾಗೆ? ಮಗನ ರಿಸಲ್ಟು ಏನಾಗುತ್ತೋ? ಈ ಸಲ ಮೆಣಸಿನಕಾಯಿಗೆ ರೇಟು ಸಿಗುತ್ತೋ ಇಲ್ಲವೋ? ಇದನ್ನೇ ಈಗಿನವರು ಟೆನ್ಷನ್ ಅಂತಾರೆ, ಹಿರಿಯರು ಚಿಂತೆ ಅಂದರು. ಹೆಸರು ಯಾವುದಾದರೂ ಸುಡುವುದು ಒಂದೇ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನೇ ಸುಡುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಪುರಾಣ ಅಂದ್ರೆ ಹಿಂದೆ ಯಾವಾಗಲೋ ನಡೆದ ಕತೆ, ನಮಗೇನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಆದರೆ ಭಯ, ಗಡುವು, ದಣಿವು, ಹೋಲಿಕೆ ಇವು ದೇವಾನುದೇವತೆಗಳನ್ನೂ ಬಿಟ್ಟಿಲ್ಲ. ಅವರು ಅದನ್ನು ಹೇಗೆ ದಾಟಿದರು ಎಂಬುದೇ ನಮಗೆ ಪಾಠ. ಅದನ್ನು ಹುಡುಕಿಕೊಂಡು ಕಾಶಿಗೆ ಹೋಗಬೇಕಿಲ್ಲ, ನಮ್ಮ ಸೀಮೆಯ ಮಣ್ಣು, ನೀರು, ಕಲ್ಲುಗಳಲ್ಲೇ ಇದೆ.

1. ಬಳ್ಳಾರಿಯ ಬಳ್ಳ: ಅಳತೆ ನಿಲ್ಲಿಸುವ ಪಾಠ

ಬಳ್ಳಾರಿಗೆ ಆ ಹೆಸರು ಹೇಗೆ ಬಂತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಬಲನೆಂಬ ಅಸುರನನ್ನು ಕೊಂದ ಇಂದ್ರನಿಗೆ ‘ಬಲಾರಿ’ ಎಂಬ ಹೆಸರಿದೆ, ಅದರಿಂದಲೇ ಬಳ್ಳಾರಿ ಆಯಿತು ಎನ್ನುವವರಿದ್ದಾರೆ. ಇನ್ನೊಂದು ಐತಿಹ್ಯ ಹೀಗಿದೆ. ಸಂಚಾರಕ್ಕೆ ಹೊರಟಿದ್ದ ಶಿವಭಕ್ತ ವರ್ತಕರು ಇಲ್ಲಿ ತಂಗಿದರು. ಪೂಜೆಯ ಹೊತ್ತಾಯಿತು, ಲಿಂಗ ಎಲ್ಲೂ ಸಿಗಲಿಲ್ಲ. ಕಡೆಗೆ ತಮ್ಮ ಬಳಿ ಇದ್ದ ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ, ಅದನ್ನೇ ಲಿಂಗವೆಂದು ಪೂಜಿಸಿದರು. ಬಳ್ಳವೇ ಬಳ್ಳೇಶ್ವರನಾಯಿತು.

ಈ ಕತೆಯಲ್ಲಿ ಎರಡು ಮಾತು ಇವೆ. ಒಂದು, ಬೇಕಾದ್ದು ಸಿಗದಿದ್ದಾಗ ಕೈಯಲ್ಲಿ ಇರುವುದರಿಂದಲೇ ಕೆಲಸ ಶುರು ಮಾಡಬಹುದು. ಎಲ್ಲ ಅನುಕೂಲ ಆದ ಮೇಲೆ ನೆಮ್ಮದಿ ಎಂದು ಕಾದವರಿಗೆ ನೆಮ್ಮದಿ ಸಿಕ್ಕಿದ್ದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಬೋರಲು ಹಾಕಿದ ಬಳ್ಳ ಅಳೆಯುವುದಿಲ್ಲ! ದಿನವೆಲ್ಲ ಅಳೆದ ವರ್ತಕರು ಪೂಜೆಯ ಹೊತ್ತಿಗೆ ಅಳತೆ ನಿಲ್ಲಿಸಿದರು. ನಮ್ಮ ಅರ್ಧ ಚಿಂತೆ ಅಳೆಯುವುದರಿಂದಲೇ ಬರುತ್ತದೆ. ಪಕ್ಕದ ಮನೆಯವರು ಮೇಲೆ ಮಹಡಿ ಕಟ್ಟಿದರು, ಅಣ್ಣನ ಮಗನಿಗೆ ತೊಂಬತ್ತೈದು ಪರ್ಸೆಂಟ್ ಬಂತು, ಗೆಳೆಯ ಕಾರು ತಗೊಂಡ. ವ್ಯಾಪಾರದಲ್ಲಿ ಅಳತೆ ಬೇಕು, ಸಂಸಾರದಲ್ಲಿ ಸದಾ ಅಳತೆ ಬೇಡ. ದಿನಕ್ಕೊಮ್ಮೆಯಾದರೂ ಬಳ್ಳ ಬೋರಲು ಹಾಕಬೇಕು.

2. ಸಿರುಗುಪ್ಪದ ಹೊಳೆ: ವಿಶ್ರಾಂತಿಯ ಪಾಠ

ಸಿರುಗುಪ್ಪದ ಗದ್ದೆಗಳಿಗೆ ಭತ್ತದ ಭಾಗ್ಯ ಕೊಟ್ಟವಳು ತುಂಗಭದ್ರೆ. ಆ ತಾಯಿ ಹುಟ್ಟಿದ ಕತೆ ಕೇಳಿ. ಹಿರಣ್ಯಾಕ್ಷನನ್ನು ಕೊಂದು, ಭೂಮಿಯನ್ನು ಮೇಲೆತ್ತಿದ ವರಾಹಸ್ವಾಮಿಗೆ ದಣಿವಾಯಿತು. ಸಹ್ಯಾದ್ರಿಯ ವರಾಹ ಪರ್ವತದಲ್ಲಿ ಸ್ವಾಮಿ ಕುಳಿತು ಸುಧಾರಿಸಿಕೊಂಡ. ಆಗ ಎಡ ಕೋರೆಯಿಂದ ಇಳಿದ ಬೆವರು ತುಂಗೆಯಾಯಿತು, ಬಲ ಕೋರೆಯಿಂದ ಇಳಿದದ್ದು ಭದ್ರೆಯಾಯಿತು ಎನ್ನುತ್ತಾರೆ. ಎರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನಮ್ಮ ಕಡೆ ಹರಿದು ಬಂದವು. ಭೂಮಿಯನ್ನೇ ಹೊತ್ತ ದೇವರೂ ಕೆಲಸವಾದ ಮೇಲೆ ಕುಳಿತುಕೊಂಡ. ನಾವೋ, ರಾತ್ರಿ ಹನ್ನೊಂದಾದರೂ ಮೊಬೈಲು ಕೆಳಗಿಡುವುದಿಲ್ಲ!

ಇದೇ ಹೊಳೆ 2024ರಲ್ಲಿ ಇನ್ನೊಂದು ಪಾಠ ಕಲಿಸಿತು. ಆ ವರ್ಷ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕಾಲುವೆ ನಂಬಿದ್ದ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಕಡೆಯ ರೈತರ ಎದೆ ಧಸಕ್ಕೆಂದಿತು. ತುಂಬಿದ ಜಲಾಶಯದ ನೀರು ಕಣ್ಣ ಮುಂದೆಯೇ ಹರಿದು ಹೋಗುತ್ತಿತ್ತು. ಆಗ ಏನು ಮಾಡಿದರು? ಕೆಟ್ಟದ್ದು ಒಂದೇ ಗೇಟಾದರೂ ಅಣೆಕಟ್ಟೆಯ ಮೇಲಿನ ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಆ ಮೇಲೆ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ನೀರು ನಿಲ್ಲಿಸಿದರು. ಮುಂದೆ ಮಳೆ ಬಂತು, ಜಲಾಶಯ ಮತ್ತೆ ತುಂಬಿತು.

ಮನುಷ್ಯನ ಮನಸ್ಸೂ ಜಲಾಶಯವೇ. ಒಂದು ಕಡೆ ಚೈನು ತುಂಡಾದಾಗ ಉಳಿದ ಗೇಟುಗಳನ್ನು ಬಿಗಿಯಾಗಿ ಮುಚ್ಚಿಕೊಂಡರೆ ಕಟ್ಟೆಗೇ ಅಪಾಯ. ಅಳು ಬಂದರೆ ಅಳಬೇಕು, ಆಪ್ತರ ಹತ್ತಿರ ಮಾತಾಡಬೇಕು, ಒಂದಷ್ಟು ಕೆಲಸ ಬಿಟ್ಟುಕೊಡಬೇಕು. ಬಿಟ್ಟ ನೀರು ಹೋಯಿತಲ್ಲ ಎಂದು ಕೊರಗಬಾರದು. ಕಟ್ಟೆ ಉಳಿದರೆ ನೀರು ಮತ್ತೆ ಬರುತ್ತದೆ.

3. ಕುರುಗೋಡಿನ ಬಸವಣ್ಣ: ನಾಳೆಯ ಭಯ ಗೆಲ್ಲುವ ಪಾಠ

ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಏಕಶಿಲೆಯ ಆ ಭಾರಿ ನಂದಿಯ ಮುಂದೆ ನಿಂತರೆ ಎಂಥವರ ಗದ್ದಲವೂ ತಣ್ಣಗಾಗುತ್ತದೆ. ಇಷ್ಟು ಶಾಂತವಾಗಿ ಕುಳಿತ ನಂದಿಯ ಬಾಲ್ಯದಲ್ಲಿ ಶಾಂತಿಯೇ ಇರಲಿಲ್ಲ ಎಂದರೆ ನಂಬುತ್ತೀರಾ?

ಶಿಲಾದ ಮುನಿಯ ಮಗ ನಂದಿ. ತಪಸ್ಸಿನಿಂದ ಪಡೆದ ಒಬ್ಬನೇ ಮಗ. ಒಂದು ದಿನ ಮಿತ್ರ, ವರುಣರು ಆಶ್ರಮಕ್ಕೆ ಬಂದು, ಈ ಹುಡುಗನಿಗೆ ಆಯುಷ್ಯ ಬಹಳ ಕಡಿಮೆ ಎಂದುಬಿಟ್ಟರು. ಶಿಲಾದ ನೆಲಕ್ಕೆ ಬಿದ್ದು ಅತ್ತ. ತಂದೆ ಮಗನನ್ನು ಸಮಾಧಾನ ಮಾಡಬೇಕಾದ ಜಾಗದಲ್ಲಿ ಮಗನೇ ತಂದೆಯನ್ನು ಎಬ್ಬಿಸಿ ಕೂರಿಸಿದ. ಅತ್ತರೆ ಆಯುಷ್ಯ ಬೆಳೆಯದು, ಮಾಡುವ ಕೆಲಸ ಮಾಡುತ್ತೇನೆ ಎಂದು ಹೊರಟು ಶಿವಧ್ಯಾನಕ್ಕೆ ಕುಳಿತ. ಶಿವ ಪ್ರತ್ಯಕ್ಷನಾಗಿ ಅವನ ಮರಣಭಯ ಕಳೆದು, ತನ್ನ ಗಣಗಳಿಗೆ ನಾಯಕನನ್ನಾಗಿ ಮಾಡಿಕೊಂಡ.

ನಂದಿಗೂ ನಾಳೆ ಏನಾಗುತ್ತದೆ ಎಂಬುದು ಕೈಯಲ್ಲಿ ಇರಲಿಲ್ಲ. ಇವತ್ತು ಎಲ್ಲಿ ಕೂರಬೇಕು, ಏನು ಮಾಡಬೇಕು ಎಂಬುದು ಮಾತ್ರ ಕೈಯಲ್ಲಿತ್ತು. ಮಳೆ, ಮಾರುಕಟ್ಟೆ, ಪರೀಕ್ಷೆಯ ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಬಿತ್ತನೆ, ದುಡಿಮೆ, ಓದು ಇವೆ. ಕೈಯಲ್ಲಿ ಇದ್ದದ್ದನ್ನು ಹಿಡಿದವನಿಗೆ ಕೈ ಮೀರಿದ್ದರ ಭಾರ ಅರ್ಧ ಇಳಿಯುತ್ತದೆ.

4. ಕಿಷ್ಕಿಂಧೆಯ ಕಪಿಗಳು: ಬಾಯಿ ಬಿಟ್ಟು ಹೇಳುವ ಪಾಠ

ಕೊನೆಯ ಪಾಠ ಎಲ್ಲಕ್ಕಿಂತ ಮುಖ್ಯ. ಹಂಪಿ, ಆನೆಗೊಂದಿ ಸುತ್ತಲಿನ ಬೆಟ್ಟಗಳೇ ಕಿಷ್ಕಿಂಧೆ ಎಂಬುದು ನಮ್ಮವರ ನಂಬಿಕೆ. ಸೀತೆಯನ್ನು ಹುಡುಕಲು ಸುಗ್ರೀವ ಕಪಿಗಳಿಗೆ ಒಂದು ತಿಂಗಳ ಗಡುವು ಕೊಟ್ಟ. ದಕ್ಷಿಣಕ್ಕೆ ಹೋದ ದಂಡಿಗೆ ಅಂಗದ ನಾಯಕ. ಸ್ವಯಂಪ್ರಭೆಯ ಗುಹೆಯೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ತಿಂಗಳು ಮುಗಿದಿತ್ತು. ಮುಂದೆ ಸಮುದ್ರ, ಹಿಂದೆ ರಾಜನ ಕೋಪ. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗುವುದು ಎಂದು ಅಂಗದ ದರ್ಭೆ ಹಾಸಿ ಉಪವಾಸ ಸಾಯಲು ಕುಳಿತ. ಜೊತೆಯವರೂ ಕುಳಿತರು. ಸಾಲದ ಕಂತು ತಪ್ಪಿದವರಿಗೆ, ಪರೀಕ್ಷೆ ಫೇಲಾದ ಮಕ್ಕಳಿಗೆ ಆಗುವುದು ಇದೇ ಅಲ್ಲವೇ?

ಅವರನ್ನು ಉಳಿಸಿದ್ದು ಏನು? ಕುಳಿತವರು ಸುಮ್ಮನೆ ಕೂರಲಿಲ್ಲ, ತಮ್ಮ ಕಷ್ಟ ಮಾತಾಡಿಕೊಂಡರು. ಆ ಮಾತಿನಲ್ಲಿ ಜಟಾಯುವಿನ ಹೆಸರು ಬಂತು. ಹತ್ತಿರದಲ್ಲೇ ಇದ್ದ ರೆಕ್ಕೆ ಸುಟ್ಟ ಮುದಿ ಹದ್ದು ಸಂಪಾತಿಯ ಕಿವಿಗೆ ತಮ್ಮನ ಹೆಸರು ಬಿತ್ತು. ಸೀತೆ ಲಂಕೆಯಲ್ಲಿ ಇದ್ದಾಳೆ ಎಂದು ಹೇಳಿದವನೇ ಅವನು. ಕಪಿಗಳು ಬಾಯಿ ಮುಚ್ಚಿಕೊಂಡೇ ಕುಳಿತಿದ್ದರೆ ಆ ದಾರಿ ತೆರೆಯುತ್ತಿತ್ತೇ? ಸಹಾಯ ನಾವು ಎಣಿಸಿದ ಕಡೆಯಿಂದ ಬರದೇ ಇರಬಹುದು. ಆದರೆ ಕೇಳಿಸುವಂತೆ ಹೇಳಿದರೆ ತಾನೇ ಯಾರಾದರೂ ಕೇಳಿಸಿಕೊಳ್ಳುವುದು?

ಮುಂದೆ ಸಮುದ್ರ ಹಾರುವ ಮಾತು ಬಂದಾಗ ಗಜ ಹತ್ತು ಯೋಜನ ಹಾರಬಲ್ಲೆ ಎಂದ. ಗವಾಕ್ಷ ಇಪ್ಪತ್ತು ಎಂದ. ಅಂಗದ, ನೂರು ಹಾರುವೆ, ಮರಳುವುದು ಅನುಮಾನ ಎಂದು ಮುಚ್ಚುಮರೆ ಇಲ್ಲದೆ ಹೇಳಿದ. ನನ್ನಿಂದ ಇಷ್ಟೇ ಆಗುತ್ತೆ ಎನ್ನುವುದು ಅವಮಾನವಲ್ಲ. ಹಾಗೆ ಎಲ್ಲರೂ ನಿಜ ಹೇಳಿದ್ದರಿಂದಲೇ, ದೂರದಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನ ಕಡೆ ಜಾಂಬವಂತ ತಿರುಗಿದ. ಹನುಮಂತನಿಗೂ ಅವನ ಬಲವನ್ನು ಇನ್ನೊಬ್ಬರೇ ನೆನಪು ಮಾಡಿಕೊಡಬೇಕಾಯಿತು. ಪ್ರತಿ ಮನೆಗೂ ಒಬ್ಬ ಜಾಂಬವಂತ ಬೇಕು. ಸೋತು ಕುಳಿತ ಮಗನಿಗೆ, ದಣಿದ ಸೊಸೆಗೆ, ಸಾಲಕ್ಕೆ ಹೆದರಿದ ತಮ್ಮನಿಗೆ, ನಿನ್ನ ಕೈಲಾಗುತ್ತೆ ಕಣಪ್ಪಾ, ನಾವಿದ್ದೀವಿ ಎನ್ನುವ ಒಬ್ಬರು ಇದ್ದರೆ ಸಾಕು.

ಮನೆಗೆ ಹೋದ ಮೇಲೆ ಮಾಡಬೇಕಾದ್ದು

• ಬೆಳಿಗ್ಗೆ ಎದ್ದ ಕೂಡಲೇ ಫೋನು ಮುಟ್ಟದೆ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಇಷ್ಟದೈವದ ಹೆಸರು ಹೇಳುತ್ತಾ ನಿಧಾನವಾಗಿ ಉಸಿರಾಡಬೇಕು.
• ಇವತ್ತು ಕೈಯಲ್ಲಿರುವ ಕೆಲಸ ಯಾವುದು, ಕೈಯಲ್ಲಿಲ್ಲದ್ದು ಯಾವುದು ಎಂದು ಚೀಟಿಯಲ್ಲಿ ಬರೆದು ನೋಡಬೇಕು.
• ರಾತ್ರಿ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು. ಆ ಹೊತ್ತು ಯಾರ ಮಾರ್ಕ್ಸು, ಯಾರ ಸಂಬಳದ ಮಾತೂ ಬೇಡ.
• ಸಾಲವಿದ್ದರೆ ಮನೆಯವರಿಂದ ಮುಚ್ಚಿಡಬಾರದು.
• ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ದೇವರ ಮೇಲೆ ಭಾರ ಹಾಕಿ ಸುಮ್ಮನಿರದೆ ವೈದ್ಯರ ಬಳಿ ಹೋಗಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯವರು ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರ ಹತ್ತಿರ ಹೋಗುವುದು ಭಕ್ತಿಗೆ ಕೊರತೆಯಲ್ಲ. ಲಕ್ಷ್ಮಣ ಮೂರ್ಛೆ ಹೋದಾಗ ಶ್ರೀರಾಮನ ದಂಡಿನವರೂ ಸಂಜೀವಿನಿ ತರಿಸಿದರು.

ಬೆಟ್ಟ ಹತ್ತುವಾಗ ಏದುಸಿರು ಬಂದರೆ ಭಕ್ತರು ಮೆಟ್ಟಿಲ ಮೇಲೆ ಕುಳಿತು, ಒಂದು ಗುಟುಕು ನೀರು ಕುಡಿದು, ಜೊತೆಯವರ ಕೈ ಹಿಡಿದು ಮತ್ತೆ ಹತ್ತುತ್ತಾರೆ. ನಡುವೆ ಕುಳಿತದ್ದಕ್ಕೆ ಯಾರ ಹರಕೆಯೂ ಕೆಟ್ಟಿಲ್ಲ. ಸಂಸಾರದ ಬೆಟ್ಟವನ್ನೂ ಹಾಗೆಯೇ ಹತ್ತಬೇಕು.

ಸರ್ವರಿಗೂ ಸನ್ಮಂಗಳವಾಗಲಿ.