ಒಳನಾಡಿಗೂ ಬಂದರಿಗೂ ಇರುವ ನಂಟು

ಬಂದರು ಎಂದೊಡನೆ ಮಂಗಳೂರೋ ಮುಂಬಯಿಯೋ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆಯೇ ಹೊರತು ಮುಡಬಿಯಂಥ ಊರು ಯಾರ ನೆನಪಿಗೂ ಬರುವುದಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಈ ಊರಿನಿಂದ ಸಮುದ್ರವು ನೂರಾರು ಮೈಲಿ ದೂರ. ನಮ್ಮ ಮನೆಯ ಹಿರಿಯರಲ್ಲಿ ಅದನ್ನು ಕಂಡವರು ಒಬ್ಬರೂ ಇಲ್ಲ. ಆದರೂ ತೊಗರಿಯ ರಾಶಿಯಾದ ಮೇಲೆ ನಮ್ಮ ರೈತನ ಕೈಗೆ ಬರುವ ಹಣ ಎಷ್ಟೆಂಬುದನ್ನು ಒಂದು ಮಟ್ಟಿಗೆ ಆ ಕಾಣದ ಸಮುದ್ರವೇ ನಿರ್ಣಯಿಸುತ್ತದೆ. ಅದು ಹೇಗೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಾಗಣೆಯ ವೆಚ್ಚವನ್ನು ನೋಡೋಣ. ಒಂದು ಅಶ್ವಶಕ್ತಿಯ ಬಲವು ರಸ್ತೆಯ ಮೇಲೆ ಸುಮಾರು 150 ಕಿಲೋ, ಹಳಿಯ ಮೇಲೆ 500 ಕಿಲೋ, ನೀರಿನ ಮೇಲೆ 4,000 ಕಿಲೋ ಸರಕನ್ನು ಸಾಗಿಸಬಲ್ಲದೆಂದು ಸಾರಿಗೆಯನ್ನು ಕುರಿತ ಗ್ರಂಥಗಳು ಹೇಳುತ್ತವೆ. ಭಾರವನ್ನು ನೀರೇ ಹೊರುತ್ತದೆ. ಎಂಜಿನು ಮುಂದಕ್ಕೆ ತಳ್ಳಿದರೆ ಸಾಕು. ಆದುದರಿಂದ ಕಡಲ ದಾರಿ ಎಷ್ಟು ಉದ್ದವಾದರೂ ಅಗ್ಗ, ನೆಲದ ದಾರಿ ಎಷ್ಟು ಗಿಡ್ಡವಾದರೂ ತುಟ್ಟಿ.

ಈ ಸತ್ಯವನ್ನು ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಅನುಭವಿಸಿದವನು ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕ. 1470ರ ಸುಮಾರಿಗೆ ಅವನು ಹೊರ್ಮುಜ್‌ನಿಂದ ಒಂದು ಕುದುರೆಯೊಡನೆ ಹಡಗೇರಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಅಲ್ಲಿಂದ ಜುನ್ನರ್ ಮಾರ್ಗವಾಗಿ ಬಹಮನಿಯರ ರಾಜಧಾನಿಯಾದ ಬೀದರಿಗೆ ಬಂದು ಅದನ್ನು ಮಾರುವ ಹೊತ್ತಿಗೆ ಸುಮಾರು ಒಂದು ವರ್ಷ ಕುದುರೆಗೆ ಮೇವು ಹಾಕಿದ್ದನು. ಲಾಭವೆಲ್ಲ ಕುದುರೆಯ ಹೊಟ್ಟೆಗೇ ಹೋಯಿತೆಂದರೆ ತಪ್ಪಾಗಲಾರದು! ಆಗ ಬೀದರಿನಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನನು ತಾನೂ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬಂದವನೇ. ಬಂದರಿನ ಬೆಲೆ ಅವನಿಗೆ ಗೊತ್ತಿತ್ತು. ಕೊಂಕಣದ ಕೋಟೆಗಳನ್ನು ಹಿಡಿದು 1472ರಲ್ಲಿ ಗೋವೆಯನ್ನು ಗೆದ್ದುದು ಬರಿಯ ರಾಜ್ಯದಾಸೆಯಿಂದಲ್ಲ. ಅರಬ್ಬೀ ಕುದುರೆಗಳು ಇಳಿಯುವ ಬಂದರು ಕೈಯಲ್ಲಿರಬೇಕೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಅವನು ಬೀದರಿನಲ್ಲಿ ಕಟ್ಟಿಸಿದ ಮದರಸಾವನ್ನು ನಾವೆಲ್ಲ ನೋಡಿದ್ದೇವೆ. ಅವನ ಕಡಲ ದಾರಿಯ ವಿಚಾರವನ್ನು ನೆನೆಯುವವರು ಕಡಿಮೆ.

ಇಂದು ಕುದುರೆಯ ಬದಲು ತೊಗರಿ ಹಡಗಿನಲ್ಲಿ ಬರುತ್ತಿದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ಪಟ್ಟಣದ ಜನ ಗಾಬರಿಯಾದರು. 2016ರಲ್ಲಿ ಸರ್ಕಾರವು ಮೊಜಾಂಬಿಕ್ ದೇಶದೊಡನೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ನಮ್ಮಲ್ಲಿಯೂ ಭರ್ತಿ ಬೆಳೆ. ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯ ದರ ಅದಕ್ಕಿಂತ ಕೆಳಗೆ ಇಳಿಯಿತು. 2017ರ ಆಗಸ್ಟಿನಲ್ಲಿ ಆಮದಿಗೆ ಮಿತಿ ಹಾಕಲಾಯಿತು. 2021ರ ಮೇ ತಿಂಗಳಲ್ಲಿ ಮತ್ತೆ ಬಾಗಿಲು ತೆರೆಯಿತು. ಆಫ್ರಿಕದ ನಕಾಲಾ ಬಂದರಿನಲ್ಲಿ ಹಡಗೇರಿದ ತೊಗರಿಯು ಮುಂಬಯಿಯ ಬಳಿಯ ನ್ಹಾವಾ ಶೇವಾದಲ್ಲಿ ಇಳಿದು ನಮ್ಮ ತೊಗರಿಯೊಡನೆ ಪೈಪೋಟಿಗೆ ನಿಲ್ಲುತ್ತದೆ. ಆಫ್ರಿಕದ ರೈತನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನೂ ನಮ್ಮಂಥ ಮಳೆಯಾಶ್ರಿತ ರೈತನೇ. ಆದರೆ ಅವನ ಮಾಲಿಗೆ ಕಡಲ ದಾರಿಯ ಅಗ್ಗತನವಿದೆ, ನಮ್ಮ ಮಾಲಿಗೆ ಹೊಲದಿಂದಲೇ ತುಟ್ಟಿ ದಾರಿ ಮೊದಲಾಗುತ್ತದೆ. ದೇಶವು ಬಂದರುಗಳನ್ನು ಎಷ್ಟು ಬೆಳೆಸುತ್ತದೆಯೋ ಅಷ್ಟೇ ಶ್ರದ್ಧೆಯಿಂದ ಅವುಗಳ ಹಿಂದಿನ ನಾಡಿನ ದಾರಿಗಳನ್ನೂ ಬೆಳೆಸದಿದ್ದರೆ, ಬಂದರು ನಮ್ಮ ಪಾಲಿಗೆ ಸರಕು ಒಳಬರುವ ಬಾಗಿಲು ಮಾತ್ರವಾಗಿ ಉಳಿಯುತ್ತದೆ.

ಹಾಗಾದರೆ ನಮ್ಮ ನದಿಗಳಲ್ಲಿ ದೋಣಿ ನಡೆಸಬಾರದೇಕೆ ಎಂದು ಕೆಲವರು ಕೇಳಬಹುದು. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು 111 ಜಲಮಾರ್ಗಗಳನ್ನು ಹೆಸರಿಸಿದೆ. ಆ ಪಟ್ಟಿಯಲ್ಲಿ ಭೀಮೆ ಇದೆ, ಮಲಪ್ರಭೆ ಇದೆ, ನಮ್ಮ ಮಾಂಜ್ರಾ ನದಿಯೂ ಇದೆ! ಬೇಸಗೆಯಲ್ಲಿ ಮಾಂಜ್ರಾದ ಪಾತ್ರವನ್ನು ನೋಡಿದವರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ಪ್ರಯಾಗದಿಂದ ಹಲ್ದಿಯಾವರೆಗೆ 1,620 ಕಿಲೋಮೀಟರ್ ಉದ್ದದ ಗಂಗೆಯ ಮಾತೇ ಬೇರೆ. ಕರಾವಳಿಯ ಕಾಳಿ, ಶರಾವತಿ, ಗುರುಪುರ ಹೊಳೆಗಳ ಮಾತೂ ಬೇರೆ. ನನ್ನ ಅಭಿಪ್ರಾಯದಲ್ಲಿ ಮಾಂಜ್ರಾದ ನೀರು ಕುಡಿಯುವುದಕ್ಕೂ ಹೊಲಕ್ಕೂ ಸಂದರೆ ಸಾಕು. ನಮ್ಮ ಭಾಗಕ್ಕೆ ಜಲಮಾರ್ಗದ ಸ್ಥಾನದಲ್ಲಿ ನಿಲ್ಲಬೇಕಾದದ್ದು ರೈಲು.

ರೈಲಿನ ಕಥೆ ದೀರ್ಘವಾದದ್ದು. ಮುಂಬಯಿ ಮತ್ತು ಮದ್ರಾಸಿನ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗಲೇ ಕಲಬುರಗಿಯು ಎರಡು ಬಂದರುಗಳಿಗೆ ಸೇರಿತು. ಬೀದರಿಗೆ ನಿಜಾಮರ ಕಾಲದಲ್ಲಿ ವಿಕಾರಾಬಾದಿನ ಕಡೆಯಿಂದ ರೈಲು ಬಂದಿತು. ಇವೆರಡರ ನಡುವಿನ ಹುಮನಾಬಾದ್ ಮಾತ್ರ ಕಾಯುತ್ತಲೇ ಇತ್ತು. ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ, ಸುಮಾರು 110 ಕಿಲೋಮೀಟರಿನ ಬೀದರ–ಕಲಬುರಗಿ ಮಾರ್ಗವು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಬಸವಕಲ್ಯಾಣ ಪಟ್ಟಣಕ್ಕೆ ಇನ್ನೂ ರೈಲಿಲ್ಲ. ರಸ್ತೆಯ ವಿಷಯದಲ್ಲಿ ನಮಗೆ ಕೊರಗಿಲ್ಲ: ಹುಮನಾಬಾದಿನಲ್ಲಿ ನಿಂತರೆ 65ನೆಯ ರಾಷ್ಟ್ರೀಯ ಹೆದ್ದಾರಿಯು ಒಂದು ಕಡೆ ಪುಣೆಗೆ, ಇನ್ನೊಂದು ಕಡೆ ಮಛಲೀಪಟ್ಟಣದ ಕಡಲಿಗೆ ಹೋಗುತ್ತದೆ.

ಕೊರಗಿರುವುದು ಹೆದ್ದಾರಿಗೆ ಬಂದು ಸೇರುವ ದಾರಿಗಳಲ್ಲಿ. 2000ದಲ್ಲಿ ಮೊದಲಾದ ಗ್ರಾಮ ಸಡಕ್ ಯೋಜನೆಯಿಂದ ಅನೇಕ ಹಳ್ಳಿಗಳಿಗೆ ಡಾಂಬರು ಬಂದಿತು. ಹಳ್ಳಿಯಿಂದ ಹೊಲಕ್ಕೆ ಹೋಗುವ ದಾರಿ ಮಾತ್ರ ಎರೆಮಣ್ಣಿನದೇ. ತೊಗರಿಯ ರಾಶಿ ಚಳಿಗಾಲದಲ್ಲಾದ್ದರಿಂದ ಹೇಗೋ ನಡೆಯುತ್ತದೆ. ಹೆಸರು ಉದ್ದಿನ ರಾಶಿ ಮಳೆಗಾಲದಲ್ಲಿ. ಆಗ ಚಕ್ರಕ್ಕೆ ಮೆತ್ತಿದ ಕೆಸರು ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಅಷ್ಟರಲ್ಲಿ ಕಾಳು ನೆನೆದು ಬಣ್ಣಗೆಡುತ್ತದೆ. ಬಣ್ಣಗೆಟ್ಟ ಕಾಳಿಗೆ ಅಡತಿಯವನು ಯಾವ ದರ ಹೇಳುತ್ತಾನೆಂಬುದು ಒಕ್ಕಲು ಮಕ್ಕಳಾದ ವಾಚಕರಿಗೆ ತಿಳಿದೇ ಇದೆ.

ಇನ್ನು ಹಳಿ ಬಂದ ಮಾತ್ರಕ್ಕೆ ಕಾಳು ರೈಲು ಹತ್ತುವುದಿಲ್ಲ. ಜನರ ಗಾಡಿ ನಿಂತಲ್ಲೆಲ್ಲ ಸರಕಿನ ಗಾಡಿ ನಿಲ್ಲಲಾರದು. ಅದಕ್ಕೆ ಪ್ರತ್ಯೇಕ ಹಳಿ, ತೂಕದ ಕಟ್ಟೆ, ಉಗ್ರಾಣ, ಹಮಾಲರು ಎಲ್ಲವೂ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತುಂಬುವಷ್ಟು ಮಾಲು ಒಂದೆಡೆ ಕೂಡಬೇಕು. ಒಂದು ಮುಚ್ಚಿದ ವ್ಯಾಗನ್ ಸುಮಾರು 60 ಟನ್ ಹಿಡಿಯುತ್ತದೆ, ಅಂದರೆ 600 ಕ್ವಿಂಟಲ್. ಎಕರೆಗೆ ಐದು ಕ್ವಿಂಟಲಿನಂತೆ ಎಣಿಸಿದರೆ 120 ಎಕರೆಯ ತೊಗರಿ. ಹತ್ತು ಚೀಲದ ರೈತನಿಗೆ ಇದು ಎಟುಕದು. ಆದರೆ ಒಂದು ಸಹಕಾರ ಸಂಘದ ಉಗ್ರಾಣಕ್ಕೆ ದೊಡ್ಡ ಮಾತೇನಲ್ಲ. ಮುಡಬಿಯ ಸುತ್ತಿನ ಹಳ್ಳಿಗಳಲ್ಲಿ ಅಷ್ಟು ತೊಗರಿ ಇಂದಿಗೂ ಬೆಳೆಯುತ್ತಿದೆ. ಅದು ಹತ್ತು ಹತ್ತು ಚೀಲವಾಗಿ ಬೇರೆ ಬೇರೆ ಟೆಂಪೋಗಳಲ್ಲಿ ಹೋಗಿ, ಆಯಾ ದಿನದ ದರಕ್ಕೆ, ಬೇರೆ ಬೇರೆ ಅಡತಿಯ ಅಂಗಡಿಗಳಲ್ಲಿ ಇಳಿಯುತ್ತಿದೆ.