ಕಾಲುವೆಯ ನೀರಿಗೆ ತಕ್ಕ ಬೆಳೆಯ ಲೆಕ್ಕ

ಬೆಳೆಯನ್ನು ಗೊತ್ತುಮಾಡುವ ಕಾಲದಲ್ಲಿ ನಮ್ಮ ವ್ಯವಸಾಯಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯು ಒಂದೇ: ಎಕರೆಗೆ ಎಷ್ಟು ಉಳಿಯುತ್ತದೆ? ಭೂಮಿಯೊಂದೇ ಕೊರತೆಯ ವಸ್ತುವಾಗಿದ್ದು ನೀರು, ಆಳು, ಹಣ ಇವೆಲ್ಲ ಬೇಕಾದಷ್ಟಿದ್ದರೆ ಈ ಪ್ರಶ್ನೆಯು ಸರಿಯಾದುದೇ. ಆದರೆ ಹೊಸಪೇಟೆ, ಕಂಪ್ಲಿ ಕಡೆಯ ಕಾಲುವೆಯ ಬೇಸಾಯದಲ್ಲಿ ಮೊದಲು ತೀರುವುದು ಭೂಮಿಯಲ್ಲ, ನೀರು. ಮೊದಲು ತೀರುವ ವಸ್ತು ಯಾವುದೋ ಅದರ ಒಂದೊಂದು ಅಳತೆಗೆ ಎಷ್ಟು ಉಳಿಯುತ್ತದೆಂದು ಕೇಳತಕ್ಕದ್ದು. ಈ ಒಂದು ವಿಚಾರವನ್ನು ಲೆಕ್ಕದ ಮೂಲಕ ವಿಶದಪಡಿಸುವುದೇ ಈ ಲೇಖನದ ಉದ್ದೇಶವು.

ಈ ಪ್ರಾಂತದವರಿಗೆ ನೀರಿನ ಹಂಚಿಕೆಯು ಹೊಸ ವಿಷಯವಲ್ಲ. ವಿಜಯನಗರದ ಅರಸರ ಕಾಲದಲ್ಲಿ ತೋಡಿಸಿದ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಬಾಳೆಯ ತೋಟಗಳಿಗೆ ನೀರುಣಿಸುವ ತುರ್ತಾ ಕಾಲುವೆ, ಇವು ಇಂದಿಗೂ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲಿಸಿದ ಮೇಲೆ ಎಡದಂಡೆ ಬಲದಂಡೆಗಳ ದೊಡ್ಡ ಕಾಲುವೆಗಳು ಇವುಗಳ ಜತೆಗೆ ಸೇರಿದವು. ಹೊಸ ಕಾಲುವೆಗಳ ಅಚ್ಚುಕಟ್ಟಿನ ಬಹುಭಾಗವನ್ನು ಅರೆ ನೀರಾವರಿಯ ಬೆಳೆಗಳಿಗೆಂದು, ಎಂದರೆ ಜೋಳ, ಹತ್ತಿ, ಶೇಂಗಾ ಮುಂತಾದುವುಗಳಿಗೆಂದು ಗೊತ್ತುಮಾಡಲಾಗಿತ್ತು. ನಡೆದುಬಂದುದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಗೊತ್ತುಮಾಡಿದ್ದಕ್ಕಿಂತ ಬಹಳ ಹೆಚ್ಚಾಗಿ ಭತ್ತವು ಹಬ್ಬಿತು. ಕೊನೆಯ ಭಾಗದವರು ತೂಬಿನ ಬಾಯಲ್ಲಿ ಕುಳಿತು ನೀರನ್ನು ಎದುರು ನೋಡುವಂತಾಯಿತು. ಜಲಾಶಯದ ಹೊಟ್ಟೆಯೂ ಹೂಳಿನಿಂದ ಕಿರಿದಾಗಿದೆ. ಮೊದಲಿಗೆ 133 ಟಿ.ಎಂ.ಸಿ. ಹಿಡಿಯುತ್ತಿದ್ದುದು 2016ರ ಅಳತೆಯಲ್ಲಿ 106 ಟಿ.ಎಂ.ಸಿ.ಗೂ ತುಸು ಕಡಮೆಯೆಂದು ಕಂಡುಬಂತು. ಒಂದು ಎಕರೆಯ ಮೇಲೆ ಒಂದು ಅಡಿ ಆಳಕ್ಕೆ ನಿಲ್ಲುವ ನೀರನ್ನು ಒಂದು ಎಕರೆ-ಅಡಿ ಎನ್ನುತ್ತಾರೆ. ಆ ಅಳತೆಯಲ್ಲಿ ಹೇಳುವುದಾದರೆ ಕಳೆದುಹೋದ ಸ್ಥಳವು ಸುಮಾರು ಆರೂಕಾಲು ಲಕ್ಷ ಎಕರೆ-ಅಡಿ.

ಇನ್ನು ಲೆಕ್ಕ. ಕೆಳಗಿನ ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು. ಒಬ್ಬನಿಗೆ 10 ಎಕರೆ ಭೂಮಿಯೂ, ಮುಂಗಾರಿನ ಫಸಲಿಗೆ 25 ಎಕರೆ-ಅಡಿ ನೀರೂ, 300 ಆಳುದಿನಗಳ ದುಡಿಮೆಯೂ ದೊರೆಯುವುವೆನ್ನೋಣ. ಭತ್ತಕ್ಕೆ ಎಕರೆಗೆ 4 ಎಕರೆ-ಅಡಿ ನೀರು, 40 ಆಳು. ಖರ್ಚು ಕಳೆದು ಉಳಿಯುವುದು 24,000 ರೂಪಾಯಿ. ಮೆಕ್ಕೆಜೋಳಕ್ಕೆ ಒಂದೂವರೆ ಎಕರೆ-ಅಡಿ ನೀರು, 20 ಆಳು. ಉಳಿಯುವುದು 15,000 ರೂಪಾಯಿ.

ಎಕರೆಯ ಲೆಕ್ಕದಲ್ಲಿ ಭತ್ತವೇ ಮೇಲು. ಆದರೆ ಭತ್ತವನ್ನೇ ಹಾಕಿದರೆ 25 ಎಕರೆ-ಅಡಿ ನೀರು ಆರೂಕಾಲು ಎಕರೆಗೆ ಮುಗಿಯಿತು. ಮೂರೂಮುಕ್ಕಾಲು ಎಕರೆ ಬೀಳು. ಲಾಭ 1,50,000. ಮೆಕ್ಕೆಜೋಳವನ್ನೇ ಹಾಕಿದರೆ ಭೂಮಿಯೆಲ್ಲ ತುಂಬಿತು, 10 ಎಕರೆ-ಅಡಿ ನೀರು ಮಿಕ್ಕಿತು. ಲಾಭವು ಆಗಲೂ 1,50,000. ಭೂಮಿಯೂ ನೀರೂ ಎರಡೂ ಏಕಕಾಲದಲ್ಲಿ ತೀರುವಂತೆ ಹಂಚಿದರೆ 4 ಎಕರೆ ಭತ್ತ, 6 ಎಕರೆ ಮೆಕ್ಕೆಜೋಳ ಎಂದು ಬರುತ್ತದೆ. ನೀರು 16 ಮತ್ತು 9, ಕೂಡಿ 25; ಆಳು 160 ಮತ್ತು 120, ಕೂಡಿ 280. ಲಾಭ 96,000 ಮತ್ತು 90,000, ಕೂಡಿ 1,86,000 ರೂಪಾಯಿ. ಬೇರೆ ಯಾವ ಹಂಚಿಕೆಯಿಂದಲೂ ಇದಕ್ಕಿಂತ ಹೆಚ್ಚು ಬಾರದು. ಸಂಶಯವುಳ್ಳವರು 5 ಮತ್ತು 3 ಎಕರೆಯನ್ನೋ, 3 ಮತ್ತು 7 ಎಕರೆಯನ್ನೋ ಹಾಕಿ ನೋಡಬಹುದು.

ಈ ಬಗೆಯ ಗಣಿತಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. 1939ರಲ್ಲಿ ರಷ್ಯಾ ದೇಶದ ಲೆನಿನ್‌ಗ್ರಾಡಿನಲ್ಲಿ ಕಾಂಟೊರೊವಿಚ್ ಎಂಬ ಗಣಿತಜ್ಞನು ಪ್ಲೈವುಡ್ ಕಾರ್ಖಾನೆಯವರು ತಂದ ಒಂದು ಪ್ರಶ್ನೆಯಿಂದ ಇದನ್ನು ಕಂಡುಕೊಂಡನು; 1947ರಲ್ಲಿ ಅಮೆರಿಕದ ಡಾಂಟ್ಸಿಗ್ ಎಂಬಾತನು ನೂರಾರು ಬೆಳೆ, ನೂರಾರು ಕಟ್ಟುಪಾಡುಗಳಿದ್ದರೂ ಬಿಡಿಸಬಲ್ಲ ಸಿಂಪ್ಲೆಕ್ಸ್ ಎಂಬ ಕ್ರಮವನ್ನು ರಚಿಸಿದನು. 1975ರಲ್ಲಿ ಕಾಂಟೊರೊವಿಚ್ ಹಾಗೂ ಕೂಪ್ಮನ್ಸ್ ಇವರಿಬ್ಬರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಸಂದಿತು. ಕಾರ್ಖಾನೆ, ರೈಲ್ವೆ, ವ್ಯಾಪಾರ ಇವುಗಳ ಆಡಳಿತವನ್ನು ಕಲಿಸುವ ವಿದ್ಯಾಲಯಗಳಲ್ಲಿ ಇದು ಇಂದು ಮೊದಲ ಪಾಠಗಳಲ್ಲಿ ಒಂದು. ನಮ್ಮ ನಾಡಿನಲ್ಲಿಯೂ ಇಂಥ ಸಂಶೋಧನೆಯು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೇದುಲ ಮತ್ತು ಮುಜುಂದಾರ್ ಎಂಬ ವಿದ್ವಾಂಸರು 1992ರಲ್ಲಿ ಮಲಪ್ರಭಾ ಜಲಾಶಯವನ್ನು ಉದಾಹರಣೆಯಾಗಿಟ್ಟುಕೊಂಡು, ಬರುವ ನೀರು ನಿಶ್ಚಯವಿಲ್ಲದಾಗ ಯಾವ ಅವಧಿಯಲ್ಲಿ ಯಾವ ಬೆಳೆಗೆ ಎಷ್ಟು ಬಿಡಬೇಕೆಂಬುದನ್ನು ವಿಚಾರಿಸಿದರು. ಅವರ ಗಣಿತವು ನಮ್ಮ ಎರಡು ಬೆಳೆಯ ಲೆಕ್ಕಕ್ಕಿಂತ ಬಹಳ ಗಹನವಾದುದು. ಅದಕ್ಕೆ ಕಂಪ್ಯೂಟರು ಬೇಕು. ನಮಗೆ ಸದ್ಯಕ್ಕೆ ಪೆನ್ಸಿಲು ಸಾಕು.

ಈ ಲೆಕ್ಕದಿಂದ ದೊರೆಯುವ ಇನ್ನೊಂದು ಅಂಕಿಯು ನನ್ನ ಅಭಿಪ್ರಾಯದಲ್ಲಿ ಹಂಚಿಕೆಗಿಂತಲೂ ಬೆಲೆಯುಳ್ಳದ್ದು. ಮೇಲಿನ ವ್ಯವಸಾಯಗಾರನಿಗೆ ಇನ್ನೊಂದು ಎಕರೆ-ಅಡಿ ನೀರು ಸಿಕ್ಕಿದರೆ ಅವನು 16 ಗುಂಟೆ ಮೆಕ್ಕೆಜೋಳವನ್ನು ಬಿಟ್ಟು ಅಷ್ಟರಲ್ಲಿ ಭತ್ತವನ್ನು ಹಾಕಬಹುದು. ಅವನಿಗಾಗುವ ಹೆಚ್ಚಳವು 3,600 ರೂಪಾಯಿ. ಅದೇ ಅವನ ಗದ್ದೆಯಲ್ಲಿ ನೀರಿನ ಒಳಬೆಲೆ. ಈ ಬೆಲೆಯಾದರೂ ಇಪ್ಪತ್ತೇಳೂವರೆ ಎಕರೆ-ಅಡಿಯವರೆಗೆ ಮಾತ್ರ. ಅಲ್ಲಿಗೆ ಭತ್ತ 5, ಮೆಕ್ಕೆಜೋಳ 5 ಎಕರೆಯಾಗಿ 300 ಆಳುದಿನಗಳೂ ಮುಗಿಯುತ್ತವೆ. ಹೆಚ್ಚಿನ ಆಳು ಸಿಕ್ಕದೆ ಹೋದರೆ ಆಮೇಲೆ ಹರಿದುಬಂದ ನೀರಿಗೆ ಬೆಲೆಯೇ ಇಲ್ಲ. ಬೆಲೆಯಿಲ್ಲದ ನೀರು ಸುಮ್ಮನಿರುವುದೂ ಇಲ್ಲ, ಕಪ್ಪು ನೆಲದಲ್ಲಿ ಜೌಗನ್ನೂ ಸವುಳನ್ನೂ ತರುತ್ತದೆ. ಅಚ್ಚುಕಟ್ಟಿನಲ್ಲಿ ಬಿಳಿಯ ಉಪ್ಪು ಬಿಟ್ಟುಕೊಂಡ ಹೊಲಗಳನ್ನು ಕಾಣದವರು ಯಾರು?

ಅದೇ ಕಾಲುವೆಯ ಕೊನೆಯಲ್ಲಿ ಇನ್ನೊಬ್ಬನಿಗೂ 10 ಎಕರೆಯಿದ್ದು, ಅವನಿಗೆ ಮುಟ್ಟುವ ನೀರು 10 ಎಕರೆ-ಅಡಿ ಮಾತ್ರವೆನ್ನೋಣ. ಅವನು ಭತ್ತವನ್ನು ಹಾಕಿದರೆ ಎರಡೂವರೆ ಎಕರೆ, 60,000 ರೂಪಾಯಿ. ಮೆಕ್ಕೆಜೋಳವನ್ನು ಹಾಕಿದರೆ ಆರು ಎಕರೆ ಇಪ್ಪತ್ತಾರು ಗುಂಟೆಯ ಮೇಲೆ, 1,00,000 ರೂಪಾಯಿ. ಇವನಲ್ಲಿ ಭೂಮಿಯು ಬೀಳಾಗಿ ಉಳಿದಿರುವುದರಿಂದ ಇನ್ನೊಂದು ಎಕರೆ-ಅಡಿಯ ಒಳಬೆಲೆಯು 10,000 ರೂಪಾಯಿ. ಒಂದೇ ನೀರು ಮೇಲೆ 3,600ಕ್ಕೂ ಕೆಳಗೆ 10,000ಕ್ಕೂ ಬಾಳುತ್ತದೆಂಬುದನ್ನು ಗಮನಿಸಬೇಕು.

ಮೇಲಿನವನು 5 ಎಕರೆ-ಅಡಿ ನೀರನ್ನು ಬಿಟ್ಟುಕೊಟ್ಟರೆ ಅವನ ಲಾಭವು 1,68,000ಕ್ಕೆ ಇಳಿಯುವುದು, ಎಂದರೆ ನಷ್ಟ 18,000. ಕೆಳಗಿನವನದು 1,50,000ಕ್ಕೆ ಏರುವುದು, ಲಾಭ 50,000. ಕೆಳಗಿನವನು ಮೇಲಿನವನ 18,000ವನ್ನು ತುಂಬಿಕೊಟ್ಟರೂ ಅವನಿಗೆ 32,000 ರೂಪಾಯಿ ಉಳಿಯುತ್ತದೆ. ಆದರೆ ತುಂಬಿಕೊಡುವ ಏರ್ಪಾಡು ಎಲ್ಲಿದೆ? ಅದಿಲ್ಲದಿರುವಾಗ ಮೇಲಿನವನನ್ನು ದುರಾಶೆಯವನೆಂದು ಬಯ್ಯುವುದು ನ್ಯಾಯವಲ್ಲ. ಅವನ ಲೆಕ್ಕವು ಅವನ ಮಟ್ಟಿಗೆ ಸರಿಯಾಗಿದೆ. ಒಬ್ಬೊಬ್ಬರ ಲೆಕ್ಕವು ಸರಿಯಾಗಿದ್ದೂ ಕಾಲುವೆಯ ಒಟ್ಟು ಲೆಕ್ಕವು ತಪ್ಪಬಹುದು. ಇದನ್ನು ಸರಿಪಡಿಸಬಲ್ಲವರು ವಿತರಣಾ ಕಾಲುವೆಯ ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಬಲ್ಲ ನೀರು ಬಳಕೆದಾರರ ಸಹಕಾರ ಸಂಘಗಳು. ಅಂಥ ಸಭೆಗಳಲ್ಲಿ ಗದ್ದಲವಾಗುವುದುಂಟು. ಅಂಕಿಗಳನ್ನು ಬರೆದುಕೊಂಡು ಹೋದರೆ ಗದ್ದಲವು ಕೊಂಚ ಕಡಮೆಯಾಗುವುದೆಂಬುದು ನನ್ನ ಅನುಭವ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಉದ್ಯೋಗಕ್ಕೆ ಬಂದ ಹೊಸತರಲ್ಲಿ ಕಂಪ್ಲಿಯ ಆಚೆ, ಕಾಲುವೆಯ ಕೊನೆಯಲ್ಲಿದ್ದ ಒಬ್ಬ ಹಿರಿಯ ರೈತರಿಗೆ ಎಕರೆಯ ಲಾಭವನ್ನೇ ತೋರಿಸಿ, ಹೊಲವೆಲ್ಲ ಭತ್ತವನ್ನು ನಾಟಿಮಾಡಿಸಿದೆನು. ಹಾಲು ತುಂಬುವ ಹೊತ್ತಿಗೆ ಸರಿಯಾಗಿ ನೀರು ನಿಂತಿತು. ತೆನೆಗಳನ್ನು ಹಿಚುಕಿ ನೋಡಿದರೆ ಜೊಳ್ಳು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. “ಸಾಹೇಬ್ರೆ, ಮಜ್ಜಿಗೆ ಕುಡೀರಿ” ಎಂದರು. ಆ ಮಜ್ಜಿಗೆಯನ್ನು ನಾನು ಇಂದಿಗೂ ಮರೆತಿಲ್ಲ. ಅವರ ಹೊಲದಲ್ಲಿ ಭೂಮಿಯು ಕೊರತೆಯ ವಸ್ತುವಾಗಿರಲಿಲ್ಲವೆಂಬುದನ್ನು ನಾನು ಕೇಳಲೇ ಇಲ್ಲ.

ಬರುವ ನೀರು ಎಷ್ಟೆಂಬುದು ಮುಂಚೆ ತಿಳಿಯದಲ್ಲ, ಲೆಕ್ಕವನ್ನು ಹೇಗೆ ಹಾಕುವುದು, ಎಂದು ಕೆಲವರು ಕೇಳಬಹುದು. ಮಾತು ನಿಜ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿದ್ದ ಹೊತ್ತಿನಲ್ಲಿಯೇ, 19ನೆಯ ಗೇಟಿನ ಸರಪಳಿಯು ತುಂಡಾಗಿ ಗೇಟು ಕೊಚ್ಚಿಹೋದುದನ್ನು ನಾವೆಲ್ಲ ಕಂಡಿದ್ದೇವೆ. ತಾತ್ಕಾಲಿಕ ಗೇಟನ್ನು ಇಳಿಸುವವರೆಗೆ ಒಂದು ವಾರ ಯಾವ ವ್ಯವಸಾಯಗಾರನ ಕಣ್ಣಿಗೂ ನಿದ್ದೆಯಿರಲಿಲ್ಲ. ಆದಕಾರಣ ಲೆಕ್ಕವನ್ನು ಒಂದೇ ಅಂಕಿಗೆ ಹಾಕದೆ, ನೀರು ಪೂರ್ತಿ ಬಂದರೆ, ಮುಕ್ಕಾಲು ಬಂದರೆ, ಅರ್ಧ ಬಂದರೆ ಎಂದು ಮೂರು ಸಾರಿ ಹಾಕಿ, ಮೂರರಲ್ಲಿಯೂ ನೀರು ಸಾಲುವಷ್ಟು ಎಕರೆಗೆ ಮಾತ್ರ ಮೊದಲು ಸಸಿಮಡಿಯನ್ನು ಬಿಡತಕ್ಕದ್ದು. ಉಳಿದುದನ್ನು ಜಲಾಶಯದ ಮಟ್ಟವನ್ನು ನೋಡಿಕೊಂಡು ನಿಶ್ಚಯಿಸಬಹುದು.

ಬೆಲೆಯ ಏರಿಳಿತವು ಅಷ್ಟೊಂದು ಹೆದರಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ಮೆಕ್ಕೆಜೋಳದ ಉಳಿತಾಯವು 15,000ವೇ ಆಗಿದ್ದು ನೀರೂ 25 ಎಕರೆ-ಅಡಿಯೇ ಇರುವಾಗ, ಭತ್ತದ ಉಳಿತಾಯವು ಎಕರೆಗೆ 15,000ದಿಂದ 40,000ದವರೆಗೆ ಎಲ್ಲಿಯೇ ಇರಲಿ, 4 ಮತ್ತು 6 ಎಕರೆಯ ಹಂಚಿಕೆಯೇ ಉತ್ತಮವಾಗಿ ನಿಲ್ಲುತ್ತದೆ. ಪೇಟೆಯ ಧಾರಣೆ ನೂರಿನ್ನೂರು ಏರಿತೆಂದು ಬೆಳೆಯನ್ನು ಬದಲಾಯಿಸುವವರು ಇದನ್ನು ನೋಡಬೇಕು.

ಸಂಡೂರಿನ ಗುಡ್ಡದ ಸೀಮೆಯವರಿಗೆ ಕಾಲುವೆಯಿಲ್ಲವಾದುದರಿಂದ ಈ ಲೆಕ್ಕವು ತಮಗಲ್ಲವೆಂದು ತೋರಬಹುದು. ಅಲ್ಲಿ ನೀರಿನ ಸ್ಥಾನದಲ್ಲಿ ಬಿತ್ತನೆಯ ಹದವನ್ನು ಇಟ್ಟುಕೊಳ್ಳತಕ್ಕದ್ದು. ಮಳೆಯಾದ ಮೇಲೆ ಹದವು ನಿಲ್ಲುವುದು ಕೆಲವೇ ದಿನ. ಅಷ್ಟರೊಳಗೆ ಒಂದು ಕೂರಿಗೆ ಎಷ್ಟು ಎಕರೆ ಸಾಗುವುದೋ ಅಷ್ಟೇ ಬಿತ್ತನೆ. ಅದಿರಿನ ಗಣಿಗಳ ಕೂಲಿಗೆ ಹೋದವರು ಆ ದಿನಗಳಲ್ಲಿ ಹೊಲಕ್ಕೆ ಸಿಕ್ಕುವುದೂ ಕಷ್ಟ. ಆದುದರಿಂದ ಅವರು ಕೇಳಬೇಕಾದುದು ಹದದ ದಿನವೊಂದಕ್ಕೆ ಎಷ್ಟು ಉಳಿಯುವುದೆಂದು.

ಆಸಕ್ತಿಯುಳ್ಳವರು ಕಳೆದ ಎರಡು ವರ್ಷಗಳಲ್ಲಿ ತಮ್ಮ ತೂಬಿನಲ್ಲಿ ನೀರು ಬಂದ ದಿನಗಳು, ಪ್ರತಿಯೊಂದು ಬೆಳೆಗೆ ಹಿಡಿದ ಆಳು, ಖರ್ಚು ಮತ್ತು ಮಾರಿದ ಹಣ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ಸಸಿಮಡಿಯ ಕಾಲಕ್ಕೆ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ, ಜತೆಯಲ್ಲಿ ಕುಳಿತು ಅವರವರ ಹೊಲದ ಲೆಕ್ಕವನ್ನು ಹಾಕಬಹುದು. ನೀರು ಬಂದ ದಿನಗಳ ಅಂಕಿಯನ್ನು ಮಾತ್ರ ನೆನಪಿನಿಂದ ಹೇಳದೆ ಬರೆದೇ ತರತಕ್ಕದ್ದು.