ಬೇರಿಂಗಿಗಿಂತ ಮೊದಲು ಸೀಲ್ ನೋಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಲಾಡ್ಜು, ಹೋಟೆಲು, ನರ್ಸಿಂಗ್ ಹೋಮುಗಳ ಬಟ್ಟೆ ಒಗೆಯುವ ದೊಡ್ಡ ಯಂತ್ರ ಒಂದು ದಿನ ನಿಂತರೂ ಮರುದಿನ ಮಂಚಕ್ಕೆ ಹಾಸಲು ಚಾದರ ಸಾಲುವುದಿಲ್ಲ. ಬೇರಿಂಗ್ ಬದಲಿಸಿದ ಯಂತ್ರ ಕೆಲವೇ ತಿಂಗಳಲ್ಲಿ ಮತ್ತೆ ಗುರುಗುಟ್ಟಿದರೆ ಹೊಸ ಬೇರಿಂಗನ್ನು ದೂರುವ ಮೊದಲು ನೀರು ಎಲ್ಲಿಂದ ಒಳಹೊಕ್ಕಿತು ಎಂದು ಕೇಳಿಕೊಳ್ಳಿ.

1. ಸದ್ದು ಎಲ್ಲಿಯದೆಂದು ಖಚಿತಪಡಿಸಿಕೊಳ್ಳಿ. ವಿದ್ಯುತ್ ಕಡಿದು ಬೆಲ್ಟ್ ಬಿಚ್ಚಿ. ಡ್ರಮ್ಮನ್ನೂ ಮೋಟಾರನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ತಿರುಗಿಸಿ. ಡ್ರಮ್ಮಿನ ಬಾಯಂಚು ಹಿಡಿದು ಮೇಲೆತ್ತಿ. ಹೊರಗಿನ ಟಬ್ಬೂ ಜೊತೆಗೆ ಅಲುಗಿದರೆ ಸ್ಪ್ರಿಂಗು, ಡ್ಯಾಂಪರ್ ನೋಡಿ. ಡ್ರಮ್ ಒಂದೇ ಅಲುಗಿದರೆ ಬೇರಿಂಗ್ ಸವೆದಿದೆ.

2. ನೀರಿನ ದಾರಿ ಹಿಡಿಯಿರಿ. ಹೆಚ್ಚಿನ ಬೇರಿಂಗುಗಳು ವಯಸ್ಸಾಗಿ ಸಾಯುವುದಿಲ್ಲ. ಸೀಲಿನ ತುಟಿ ಸವೆದು, ಸೋಪಿನ ನೀರು ಒಳಗಿಳಿದು, ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಹಿಂಭಾಗದಲ್ಲಿ ಕಂದು ಬಣ್ಣದ ನೀರಿನ ಗೆರೆ ಕಂಡರೆ ಅದೇ ಸಾಕ್ಷಿ. ಅನೇಕ ಯಂತ್ರಗಳಲ್ಲಿ ಸೀಲಿಗೂ ಬೇರಿಂಗಿಗೂ ನಡುವೆ ಸೋರಿದ ನೀರು ಹೊರಹೋಗಲೆಂದೇ ಒಂದು ರಂಧ್ರವಿರುತ್ತದೆ. ನೂಲಿನ ಕಸದಿಂದ ಅದು ಕಟ್ಟಿದರೆ ನೀರಿಗೆ ಉಳಿಯುವುದು ಬೇರಿಂಗಿನ ದಾರಿಯೊಂದೇ. ಇನ್ನು ಸೀಲ್ ಕೂರುವ ಸ್ಲೀವ್: ಅದರ ಮೇಲೆ ಉಗುರು ಎಳೆಯಿರಿ. ಗೀರಿಗೆ ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಯೂ ಫಲವಿಲ್ಲ. ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ರಬಾಳೆಯಂಥ ಕಡೆ ಲೇತ್ ಕೆಲಸದವರು ಸಿಗುತ್ತಾರೆ. ಸ್ಲೀವ್ ಹೊಸದು ಮಾಡಿಸಿ. ಈ ಖರ್ಚು ಉಳಿಸಿದವರು ಅದೇ ಯಂತ್ರವನ್ನು ಎರಡನೇ ಸಲ ಬಿಚ್ಚುತ್ತಾರೆ.

3. ನಂಬರ್ ಪೂರ್ತಿ ಓದಿ. 6308 ಎಂದಿದ್ದರೆ ಕೊನೆಯ 08ನ್ನು 5ರಿಂದ ಗುಣಿಸಿ: ಒಳರಂಧ್ರ 40 ಮಿ.ಮೀ. ಹೊರವ್ಯಾಸ 90, ದಪ್ಪ 23. ಮುಂದಿನ ಅಕ್ಷರಗಳನ್ನೂ ಬಿಡಬೇಡಿ. 2ಆರ್‌ಎಸ್ ಎಂದರೆ ಎರಡೂ ಬದಿ ರಬ್ಬರ್ ಸೀಲ್, ಝಡ್‌ಝಡ್ ಎಂದರೆ ತಗಡಿನ ಮುಚ್ಚಳ, ಸಿ3 ಎಂದರೆ ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲ. ಹಳೆಯದರಲ್ಲಿ ಸಿ3 ಇದ್ದರೆ ಹೊಸದರಲ್ಲೂ ಇರಲಿ. ಮುಂದಿನದು, ಹಿಂದಿನದು, ಎರಡನ್ನೂ ಒಟ್ಟಿಗೆ ಬದಲಿಸಿ.

4. ಬಿಲ್ಲಿಲ್ಲದೆ ಕೊಳ್ಳಬೇಡಿ. ನಕಲಿ ಬೇರಿಂಗುಗಳು ಅಸಲಿಯಂಥದೇ ಡಬ್ಬಿಯಲ್ಲಿ ಬರುತ್ತವೆ. ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ಕೊಂಡರೂ ಅಧಿಕೃತ ಮಾರಾಟಗಾರರೇ ಎಂದು ವಿಚಾರಿಸಿ.

5. ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಕೈ ನಿಮ್ಮ ಜೇಬಿನಲ್ಲಿರಲಿ. ಇನ್ವರ್ಟರ್ ಡ್ರೈವ್ ಇರುವ ಯಂತ್ರದಲ್ಲಿ ಕೆಪಾಸಿಟರ್ ಖಾಲಿಯಾಗಲು ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಕಾಯಿರಿ. ಆಸ್ಪತ್ರೆ ಬಟ್ಟೆಯ ಯಂತ್ರವಾದರೆ ಕೈಗವಸು ಕಡ್ಡಾಯ. ಡ್ರಮ್ಮಿಗೆ ಆಸರೆ ಕೊಡದೆ ಶಾಫ್ಟ್ ಎಳೆಯಲೇಬೇಡಿ.

6. ಪೆಟ್ಟು ಗುಂಡುಗಳ ಮೇಲೆ ಬೀಳಬಾರದು. ಹೌಸಿಂಗಿಗೆ ಕೂರಿಸುವಾಗ ಹೊರಬಳೆಯನ್ನು ಒತ್ತಿ. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನು. ಇದು ತಿರುವುಮುರುವಾದರೆ ಗುಂಡುಗಳು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬಿದ್ದು, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ. ಬಿಸಿ ಮಾಡುವುದಾದರೆ ಇಂಡಕ್ಷನ್ ಹೀಟರ್ ಬಳಸಿ. ಸೀಲ್ ಇರುವ ಬೇರಿಂಗ್ 80 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಗ್ಯಾಸ್ ಜ್ವಾಲೆ ಹಿಡಿಯುವವರನ್ನು ಅಲ್ಲೇ ತಡೆಯಿರಿ.

7. ಬಟ್ಟೆ ತುಂಬುವವರಿಗೂ ಪಾಠ ಹೇಳಿ. 70 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 700 ಸುತ್ತು ತಿರುಗುವಾಗ ಅಂಚಿನಲ್ಲಿ ಒಂದೇ ಕಡೆ ಸೇರಿದ 1 ಕಿಲೋ ಸುಮಾರು 190 ಕಿಲೋ ಭಾರದಂತೆ ಎಳೆಯುತ್ತದೆ. ಆ ಎಳೆತವನ್ನು ತಾಳುವುದು ಬೇರಿಂಗೇ. ಆದ್ದರಿಂದ ಒಂಟಿ ಕಂಬಳಿಯನ್ನು ಒಗೆಯಲು ಹಾಕಬೇಡಿ. ಜೊತೆಗೆ ನಾಲ್ಕು ಟವೆಲ್ ಸೇರಿಸಿ.

8. ಮಳೆಗಾಲದ ಎಚ್ಚರ. 2005ರ ಜುಲೈ 26ರ ಮಳೆಯನ್ನು ಈ ಊರುಗಳು ಮರೆತಿಲ್ಲ. ನೆಲಮಹಡಿಗೆ ನೀರು ನುಗ್ಗಿ ಬೇರಿಂಗ್ ಮುಳುಗಿದ್ದರೆ, ಒಣಗಿದ ಮೇಲೆ ಸಲೀಸಾಗಿ ತಿರುಗಿದರೂ ನಂಬದೆ ಬಿಚ್ಚಿ ನೋಡಿ.

9. ಕೆಲಸ ಮುಗಿದ ಮೇಲೆ ಮೊದಲು ಖಾಲಿ ಯಂತ್ರ ಓಡಿಸಿ, ಆಮೇಲೆ ಅರ್ಧ ಭಾರದಲ್ಲಿ. ನಿಲ್ಲಿಸಿದ ಮೇಲೆ ಹೌಸಿಂಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಟ್ಟರೆ ಮುಂದುವರಿಸಬೇಡಿ. ದಿನಾಂಕ, ಬೇರಿಂಗ್ ನಂಬರ್, ಸೀಲಿನ ಅಳತೆ ಮೂರನ್ನೂ ಹಿಂದಿನ ಬಾಗಿಲಿನ ಒಳಬದಿಗೆ ಬರೆದಿಡಿ. ವಾರ ಬಿಟ್ಟು ಸೀಲಿಗೂ ಬೇರಿಂಗಿಗೂ ನಡುವಿನ ಆ ರಂಧ್ರದ ಕೆಳಗೆ ಒಣ ಕಾಗದ ಹಿಡಿದು ಒಂದು ಒಗೆತ ಓಡಿಸಿ. ಕಾಗದ ಒದ್ದೆಯಾದರೆ ಸೀಲ್ ಸರಿಯಾಗಿ ಕೂತಿಲ್ಲ. ಬೇರಿಂಗ್ ಇನ್ನೂ ಚೆನ್ನಾಗಿರುವಾಗಲೇ ಬಿಚ್ಚಿ ಸರಿಪಡಿಸಿ.